‘ಮಾತು ಕೇಳಲ್ಲ’ ಅಂದರೆ ಯಾವ ‘ಕೇಳಲ್ಲ’?

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ ಮೂರು ತಿಂಗಳು. ಮಾತು ಚೆನ್ನಾಗಿ ಆಡುತ್ತಾನೆ, ಹಾಡು ಹೇಳುತ್ತಾನೆ, ಬಣ್ಣಗಳ ಹೆಸರೆಲ್ಲ ಗೊತ್ತು. ಆದರೆ ಏನಾದರೂ ಮಾಡು ಅಂದರೆ ಅರ್ಧಕ್ಕೆ ನಿಂತುಬಿಡುತ್ತಾನೆ. ‘ರೂಮಿಗೆ ಹೋಗಿ ಮಂಚದ ಕೆಳಗಿರೋ ಚೆಂಡು ತಗೊಂಡು ಬಾ’ ಅಂದರೆ, ರೂಮಿಗೆ ಹೋಗಿ ಮಂಚ ಹತ್ತಿ ಕೂತಿರುತ್ತಾನೆ. ಹಿಂದೆ, ಮುಂದೆ, ಪಕ್ಕದಲ್ಲಿ ಅಂದರೆ ನಮ್ಮ ಮುಖ ನೋಡುತ್ತಾನೆ. ಶಾಲೆಯ ಟೀಚರ್ ‘ಹೇಳಿದ ಮಾತು ಕೇಳಲ್ಲ, ಪಕ್ಕದ ಮಕ್ಕಳನ್ನು ನೋಡಿಕೊಂಡು ಮಾಡುತ್ತಾನೆ’ ಅನ್ನುತ್ತಾರೆ. ನಮ್ಮ ಯಜಮಾನರು ಇದು ಹಠ ಅಂತಾರೆ. ಅತ್ತೆ ಗಂಡುಮಕ್ಕಳು ನಿಧಾನ, ತಾನಾಗೇ ಸರಿಹೋಗುತ್ತೆ ಅಂತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಗಿ ಗೊಂದಲವಾಗಿದೆಯಾ? ಕಾಯಬೇಕಾ, ಯಾರಿಗಾದರೂ ತೋರಿಸಬೇಕಾ?

ಉತ್ತರ: ಕಾಯುವುದು ಬೇಡ, ಗಾಬರಿಯೂ ಬೇಡ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅದಕ್ಕೆ ದಿನ ಗೊತ್ತಾಗುವ ಹೊತ್ತಿಗೆ ಮನೆಯಲ್ಲೇ ಒಂದಷ್ಟು ಗಮನಿಸಿ ಇಟ್ಟುಕೊಳ್ಳಿ. ಏನು ಗಮನಿಸಬೇಕು, ಹೇಗೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕನ್ನಡದಲ್ಲಿ ‘ಕೇಳು’ ಅನ್ನುವುದು ಬಹಳ ದುಡಿಯುವ ಪದ. ಶಬ್ದ ಕಿವಿಗೆ ಬಿದ್ದರೂ ಕೇಳುವುದು, ಪ್ರಶ್ನೆ ಹಾಕಿದರೂ ಕೇಳುವುದು, ಹೇಳಿದಂತೆ ನಡೆದುಕೊಂಡರೂ ಕೇಳುವುದು. ಹಾಗಾಗಿ ‘ಇವನು ಮಾತು ಕೇಳಲ್ಲ’ ಅಂದಾಗ ಎಲ್ಲಿ ತೊಡಕಿದೆ ಅಂತ ಗೊತ್ತಾಗುವುದೇ ಇಲ್ಲ. ಹೇಳಿದ ಕೆಲಸವನ್ನು ಮಗು ಮಾಡಬೇಕಾದರೆ ಮಾತು ಕಿವಿಗೆ ಸರಿಯಾಗಿ ಬೀಳಬೇಕು. ಪದಗಳ ಅರ್ಥ ಗೊತ್ತಿರಬೇಕು. ಕೆಲಸ ಮುಗಿಯುವ ತನಕ ಅದು ನೆನಪಿನಲ್ಲಿ ನಿಲ್ಲಬೇಕು. ಮಾಡುವ ಮನಸ್ಸೂ ಇರಬೇಕು. ಈ ನಾಲ್ಕರಲ್ಲಿ ಯಾವುದು ಕೈಕೊಟ್ಟರೂ ಹೊರಗಿನಿಂದ ಕಾಣುವುದು ಒಂದೇ: ಹುಡುಗ ಹೇಳಿದ್ದು ಮಾಡಲಿಲ್ಲ. ಮನೆಯ ದೊಡ್ಡವರು ಸಾಮಾನ್ಯವಾಗಿ ನಾಲ್ಕನೆಯದನ್ನು ಮೊದಲು ಹಿಡಿಯುತ್ತಾರೆ. ಭಾಷಾ ತಜ್ಞೆಯಾಗಿ ನಾನು ಅದನ್ನು ಕೊನೆಗೆ ಇಡುತ್ತೇನೆ.

ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುಳಿವಿದೆ. ಅವನು ರೂಮಿಗೆ ಹೋದ. ಮಂಚದ ಹತ್ತಿರವೂ ಹೋದ. ಹಠದ ಮಗು ಅಷ್ಟು ದೂರ ಯಾಕೆ ಹೋಗುತ್ತದೆ? ‘ರೂಮು’, ‘ಮಂಚ’ ಎರಡೂ ಅವನಿಗೆ ತಲುಪಿವೆ. ‘ಕೆಳಗೆ’ ಅನ್ನುವುದು ಎಲ್ಲೋ ಬಿದ್ದುಹೋಗಿದೆ, ಅದರ ಜೊತೆ ಚೆಂಡೂ ಹೋಗಿದೆ. ಇದು ಅರ್ಥದ ತೊಡಕೋ ನೆನಪಿನ ತೊಡಕೋ ಇರಬಹುದು, ಮನಸ್ಸಿನದು ಅಂತ ನನಗೆ ಅನ್ನಿಸುತ್ತಿಲ್ಲ.

ಆದರೂ ಯಜಮಾನರ ಅನುಮಾನ ಹಾಗೇ ಉಳಿಯುವುದು ಬೇಡ. ಅದಕ್ಕೊಂದು ಪರೀಕ್ಷೆ ಇದೆ, ಅವರ ಕೈಯಲ್ಲೇ ಮಾಡಿಸಿ. ಮಗುವಿಗೆ ತುಂಬಾ ಇಷ್ಟವಾದ ಒಂದು ಪುಟ್ಟ ಆಟಿಕೆ ತೆಗೆದುಕೊಳ್ಳಿ, ಕಾರು ಅಂತಿಟ್ಟುಕೊಳ್ಳೋಣ. ಒಂದು ಸ್ಟೂಲಿನ ಮೇಲೆ ಮುಚ್ಚಳ ಇರುವ ಡಬ್ಬಿ ಇಡಿ. ಸ್ಟೂಲಿನ ಸುತ್ತ ಬಟ್ಟೆ ಇಳಿಬಿಡಿ, ಕೆಳಗಿರುವುದು ಕಾಣಬಾರದು. ಈಗ ಕಾರು ಬಚ್ಚಿಡಲು ಮೂರು ಜಾಗ ಸಿಕ್ಕಿತು: ಡಬ್ಬಿಯ ಒಳಗೆ, ಡಬ್ಬಿಯ ಹಿಂದೆ, ಸ್ಟೂಲಿನ ಕೆಳಗೆ. ಅವನು ಕಣ್ಣು ಮುಚ್ಚಿಕೊಂಡಾಗ ಬಚ್ಚಿಟ್ಟು, ಒಂದೇ ಸಲ ಹೇಳಿ: ‘ಕಾರು ಡಬ್ಬಿ ಹಿಂದೆ ಇದೆ.’ ಕೈ ತೋರಿಸಬೇಡಿ. ಆ ಕಡೆ ನೋಡಲೂಬೇಡಿ, ಅವನ ಮುಖವನ್ನೇ ನೋಡಿ. ದೊಡ್ಡವರ ಕಣ್ಣು ಚಾಡಿ ಹೇಳುತ್ತದೆ, ಮಕ್ಕಳು ಅದನ್ನು ಚೆನ್ನಾಗಿ ಓದುತ್ತಾರೆ. ಅವನು ಮೊದಲು ಎಲ್ಲಿಗೆ ಕೈ ಹಾಕುತ್ತಾನೆ ಅನ್ನುವುದಷ್ಟೇ ಲೆಕ್ಕ.

ಕಾರು ಸಿಗಲಿ ಅಂತ ಅವನಿಗೇ ಆಸೆ ಇದೆ. ಇಲ್ಲಿ ಹಠಕ್ಕೆ ಜಾಗವೇ ಇಲ್ಲ. ಆಗಲೂ ‘ಹಿಂದೆ’ ಅಂದಾಗ ಡಬ್ಬಿಯ ಮುಚ್ಚಳ ತೆಗೆದರೆ, ಆ ಪದ ಅವನಿಗೆ ಗೊತ್ತಿಲ್ಲ ಅಂತಲೇ ಅರ್ಥ. ಒಂದು ದಿನದಲ್ಲಿ ತೀರ್ಮಾನ ಬೇಡ. ಮೂರು ಜಾಗ ಇದ್ದರೆ ಸುಮ್ನೆ ಊಹೆ ಮಾಡಿದರೂ ಮೂರು ಸಲಕ್ಕೆ ಒಂದು ಸಲ ಸಿಕ್ಕೇ ಸಿಗುತ್ತದೆ. ನಾಲ್ಕೈದು ದಿನ, ದಿನಕ್ಕೆ ಐದು ನಿಮಿಷ, ಜಾಗ ಬದಲಾಯಿಸುತ್ತಾ ಆಡಿ. ಪ್ರತಿ ಪದಕ್ಕೂ ಐದಾರು ಸಲ ಆದ ಮೇಲೆ ಚಿತ್ರ ತಾನಾಗೇ ಕಾಣುತ್ತದೆ.

ಇನ್ನೊಂದು ಮೋಸ ಹೋಗುವ ಜಾಗ ಇದೆ. ‘ಮನೆಯಲ್ಲಿ ಎಲ್ಲ ಅರ್ಥವಾಗುತ್ತೆ’ ಅಂತ ತುಂಬಾ ಜನ ಹೇಳುತ್ತಾರೆ. ನೀವು ಕೈಯಲ್ಲಿ ಬೀಗದ ಕೈ ಹಿಡಿದು ಬಾಗಿಲ ಹತ್ತಿರ ನಿಂತು ‘ಚಪ್ಪಲಿ ಹಾಕ್ಕೋ’ ಅಂದರೆ ಮಾತೇ ಬೇಕಿಲ್ಲ, ಮಗುವಿಗೆ ಸಂದರ್ಭವೇ ಸಾಕು. ನಿಜವಾಗಿ ಮಾತು ಅರ್ಥವಾಗುತ್ತದಾ ಅಂತ ನೋಡಬೇಕಾದರೆ ಊಹಿಸಲು ಆಗದ ಕೆಲಸ ಹೇಳಬೇಕು. ‘ಚಪ್ಪಲಿ ತಲೆ ಮೇಲೆ ಇಟ್ಕೋ’, ‘ದಿಂಬಿನ ಕೆಳಗೆ ಚಮಚ ಇಡು’. ಕೇಳಿ ನಕ್ಕರೆ ಅರ್ಥವಾಗಿದೆ. ಚಪ್ಪಲಿಯನ್ನು ಕಾಲಿಗೇ ಹಾಕಿಕೊಂಡರೆ, ಅವನು ಕೇಳಿಸಿಕೊಂಡಿದ್ದು ‘ಚಪ್ಪಲಿ’ ಅನ್ನುವುದನ್ನು ಮಾತ್ರ.

ಈಗ ಕಿವಿಯ ವಿಷಯ. ‘ಕರೆದರೆ ತಿರುಗುತ್ತಾನೆ, ಆಚೆ ರೂಮಿನಲ್ಲಿ ಟಿವಿ ಹಾಕಿದರೆ ಓಡಿ ಬರುತ್ತಾನೆ, ಕಿವಿ ಸರಿಯಾಗೇ ಇದೆ’ ಅಂತ ಹತ್ತರಲ್ಲಿ ಒಂಬತ್ತು ತಂದೆತಾಯಿ ನನಗೆ ಹೇಳುತ್ತಾರೆ. ಅಷ್ಟರಿಂದ ಕಿವಿ ಸರಿ ಇದೆ ಅಂತ ಹೇಳಲು ಆಗುವುದಿಲ್ಲ. ಚಿಕ್ಕ ಮಕ್ಕಳಿಗೆ ನೆಗಡಿಯಾದ ಮೇಲೆ ಕಿವಿತಮಟೆಯ ಹಿಂದೆ, ನಡುಗಿವಿಯಲ್ಲಿ, ಅಂಟಂಟಾದ ದ್ರವ ನಿಲ್ಲುವುದು ಬಹಳ ಸಾಮಾನ್ಯ. ಶಾಲೆಗೆ ಸೇರುವ ವಯಸ್ಸಿನೊಳಗೆ ಬಹುಪಾಲು ಮಕ್ಕಳಿಗೆ ಒಮ್ಮೆಯಾದರೂ ಇದು ಬಂದು ಹೋಗಿರುತ್ತದೆ. ಎಷ್ಟೋ ಸಲ ನೋವಿರುವುದಿಲ್ಲ, ಜ್ವರ ಇರುವುದಿಲ್ಲ, ಕಿವಿ ಸೋರುವುದೂ ಇಲ್ಲ. ಆದರೆ ಕೇಳುವ ಶಕ್ತಿ ಸುಮಾರು 25 ಡೆಸಿಬೆಲ್‌ನಷ್ಟು (ಡೆಸಿಬೆಲ್ ಅಂದರೆ ಸದ್ದಿನ ಅಳತೆ) ತಗ್ಗಬಹುದು. ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಮ್ಮ ಯಜಮಾನರ ಮಾತು ಕೇಳಿ ನೋಡಿ. ಮಾತು ಕೇಳಿಸುತ್ತದೆ, ಪದದ ಅಂಚುಗಳು ಮಾತ್ರ ಅಳಿಸಿಹೋಗಿರುತ್ತವೆ. ಹೆಸರು ಕೂಗಿದರೆ ತಿರುಗಲು ಅಷ್ಟು ಸಾಕು. ಗದ್ದಲದ ತರಗತಿಯಲ್ಲಿ ದೂರದಿಂದ ಟೀಚರ್ ಹೇಳಿದ ಸಣ್ಣ ಪದ ಹಿಡಿಯಲು ಸಾಕಾಗುವುದಿಲ್ಲ.

ಇನ್ನೊಂದು ತಂಟೆ ಅಂದರೆ ಇದು ಏರಿಳಿಯುತ್ತದೆ. ಒಂದು ವಾರ ಚೆನ್ನಾಗಿ ಕೇಳುತ್ತದೆ, ಇನ್ನೊಂದು ವಾರ ಇಲ್ಲ. ಅದಕ್ಕೇ ನೋಡುವವರಿಗೆ ‘ಬೇಕಂದಾಗ ಕೇಳುತ್ತಾನೆ, ಬೇಡದಾಗ ಕೇಳಲ್ಲ’ ಅನ್ನಿಸುವುದು. ಹುಟ್ಟಿದಾಗ ಮಾಡಿದ ಕಿವಿ ಪರೀಕ್ಷೆ ಪಾಸಾಗಿತ್ತು ಅಂದರೂ ಇದಕ್ಕೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಇದು ಆಮೇಲೆ ಬರುವ ತೊಂದರೆ. ಬಾಯಿ ತೆರೆದು ಮಲಗುವುದು, ಗೊರಕೆ, ಪದೇ ಪದೇ ನೆಗಡಿ, ಟಿವಿ ಸದ್ದು ಜಾಸ್ತಿ ಮಾಡುವುದು, ‘ಏನು?’ ಅಂತ ಮತ್ತೆ ಮತ್ತೆ ಕೇಳುವುದು ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆಡಿಯಾಲಜಿಸ್ಟ್, ಅಂದರೆ ಕೇಳುವ ಶಕ್ತಿ ಪರೀಕ್ಷಿಸುವ ತಜ್ಞರು, ಎರಡು ಪರೀಕ್ಷೆ ಮಾಡುತ್ತಾರೆ. ಒಂದು ಟಿಂಪನೊಮೆಟ್ರಿ, ಕಿವಿತಮಟೆ ಸರಿಯಾಗಿ ಅಲುಗಾಡುತ್ತಿದೆಯಾ ಅಂತ ನೋಡುವುದು. ಇನ್ನೊಂದು ಶಬ್ದ ಕೇಳಿದಾಗೆಲ್ಲ ಒಂದು ಬ್ಲಾಕ್ ಡಬ್ಬಿಗೆ ಹಾಕುವ ಆಟದ ಪರೀಕ್ಷೆ. ನಾಲ್ಕು ವರ್ಷದ ಮಕ್ಕಳು ಇದನ್ನು ಖುಷಿಯಾಗಿ ಮಾಡುತ್ತಾರೆ, ಸೂಜಿಗೀಜಿ ಏನೂ ಇಲ್ಲ. ದ್ರವ ಇದ್ದರೂ ಹೆಚ್ಚಿನ ಸಲ ಮೂರು ತಿಂಗಳೊಳಗೆ ತಾನಾಗೇ ಇಳಿಯುತ್ತದೆ. ವೈದ್ಯರು ಸಾಮಾನ್ಯವಾಗಿ ಅಷ್ಟು ದಿನ ಕಾದು ಮತ್ತೆ ನೋಡುತ್ತಾರೆ. ಪರೀಕ್ಷೆಯ ದಿನ ಮಗುವಿಗೆ ನೆಗಡಿ ಇದ್ದರೆ ಅದನ್ನು ಹೇಳಿ.

ಕಿವಿ ಸರಿ ಇದೆ ಅಂತಾದರೆ ಪದಗಳ ಕಡೆ ಬರೋಣ. ಜಾಗ ಹೇಳುವ ಪದಗಳು ಮಕ್ಕಳಿಗೆ ಯಾಕೆ ಕಷ್ಟ ಅಂದರೆ, ಅವುಗಳನ್ನು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಚೆಂಡು ತೋರಿಸಬಹುದು, ಮಂಚ ತೋರಿಸಬಹುದು, ‘ಕೆಳಗೆ’ಯನ್ನು ಹೇಗೆ ತೋರಿಸುತ್ತೀರಿ? ಅದು ಎರಡು ವಸ್ತುಗಳ ನಡುವಿನ ಸಂಬಂಧ. ಇವತ್ತು ಮಂಚದ ಕೆಳಗೆ, ನಾಳೆ ಗಿಡದ ಕೆಳಗೆ, ನೋಡಲು ಎರಡೂ ಒಂದೇ ಥರ ಇಲ್ಲ.

ಹಾಗಾಗಿ ಪದ ಗೊತ್ತಿಲ್ಲದ ಕಾಲದಲ್ಲಿ ಮಕ್ಕಳು ಒಂದು ಉಪಾಯ ಹೂಡುತ್ತಾರೆ. ಭಾಷಾ ವಿಜ್ಞಾನಿ ಈವ್ ಕ್ಲಾರ್ಕ್ 1973ರಲ್ಲೇ ಇದನ್ನು ಗುರುತಿಸಿದ್ದರು. ಎದುರಿಗೆ ಪಾತ್ರೆಯಂಥದ್ದು ಇದ್ದರೆ ಅದರ ಒಳಗೆ ಹಾಕುವುದು. ಮಟ್ಟಸವಾದ ಮೇಲ್ಮೈ ಇದ್ದರೆ ಅದರ ಮೇಲೆ ಇಡುವುದು. ಹೇಳಿದ ಪದ ಯಾವುದೇ ಆಗಿರಲಿ, ಚಿಕ್ಕ ಮಕ್ಕಳು ಹೀಗೇ ಮಾಡುತ್ತಿದ್ದರು. ‘ಲೋಟದ ಒಳಗೆ ಹಾಕು’ ಅಂದಾಗ ಸರಿಯಾಗಿ ಹಾಕಿದರೆ ‘ಒಳಗೆ’ ಗೊತ್ತಿದೆ ಅಂತಲ್ಲ, ಲೋಟ ಇರುವುದೇ ಹಾಕುವುದಕ್ಕೆ. ನಿಮ್ಮ ಮಗ ಮಂಚ ಕಂಡು ಮೇಲೆ ಹತ್ತಿದ್ದೂ ಇದೇ ಲೆಕ್ಕ. ಆದರೆ ಮೇಲೆ, ಒಳಗೆ, ಕೆಳಗೆ ಈ ಮೂರರ ಮಟ್ಟಿಗೆ ಹೆಚ್ಚಿನ ಮಕ್ಕಳು ಮೂರು ವರ್ಷದ ಸುಮಾರಿಗೆ ಈ ಹಂತ ದಾಟಿರುತ್ತಾರೆ. ನಾಲ್ಕು ದಾಟಿದ ಮೇಲೂ ‘ಕೆಳಗೆ’ ಗಟ್ಟಿಯಾಗದಿರುವುದು ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚುತ್ತದೆ.

‘ಹಿಂದೆ’, ‘ಮುಂದೆ’ಗಳ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಮಕ್ಕಳ ಭಾಷೆಯ ಸಂಶೋಧಕರಾದ ಜುಡಿತ್ ಜಾನ್‌ಸ್ಟನ್ ಮತ್ತು ಡ್ಯಾನ್ ಸ್ಲೋಬಿನ್ 1979ರಲ್ಲಿ ಇಂಗ್ಲಿಷ್, ಇಟಾಲಿಯನ್, ಸರ್ಬೊ-ಕ್ರೊಯೇಷಿಯನ್ ಮತ್ತು ಟರ್ಕಿಶ್ ಆಡುವ ಮಕ್ಕಳನ್ನು ನೋಡಿದರು. ಇವರಲ್ಲಿ ಟರ್ಕಿಶ್, ನಮ್ಮ ಕನ್ನಡದ ಹಾಗೆ, ‘ಮಂಚದ ಕೆಳಗೆ’ ಅಂತ ವಸ್ತುವನ್ನು ಮೊದಲು ಹೇಳಿ ಜಾಗದ ಪದವನ್ನು ಆಮೇಲೆ ಹೇಳುವ ಭಾಷೆ. ನಾಲ್ಕು ಭಾಷೆಗಳಲ್ಲೂ ಕಲಿಕೆಯ ಹಾದಿ ಹೆಚ್ಚುಕಮ್ಮಿ ಒಂದೇ ಇತ್ತು. ಒಳಗೆ, ಮೇಲೆ, ಕೆಳಗೆ, ಪಕ್ಕದಲ್ಲಿ ಮೊದಲು ಬಂದವು. ಆಮೇಲೆ ನಡುವೆ. ಅದಕ್ಕೂ ಆಮೇಲೆ ಹಿಂದೆ, ಮುಂದೆ.

ಈ ಹಿಂದೆ–ಮುಂದೆಯಲ್ಲೂ ಎರಡು ಬಗೆ. ಕುರ್ಚಿಗೆ, ಬಸ್ಸಿಗೆ, ಅಮ್ಮನಿಗೆ ಮುಂಭಾಗ ಅಂತ ಒಂದಿದೆ. ಚೆಂಡಿಗೆ ಮುಖ ಎಲ್ಲಿದೆ? ‘ಮರದ ಹಿಂದೆ’ ಅಂದರೆ ನಾನು ನಿಂತ ಜಾಗದಿಂದ ನೋಡಿದಾಗ ಆ ಕಡೆ ಅಂತ. ನಾನು ಸುತ್ತಿ ಬಂದರೆ ಅದೇ ಜಾಗ ‘ಮುಂದೆ’ ಆಗುತ್ತದೆ. ಆಫ್ರಿಕಾದ ಹೌಸಾ ಭಾಷೆಯಲ್ಲಿ ಇದು ಸಾಮಾನ್ಯವಾಗಿ ತಿರುವುಮುರುವು. ನಾವು ಮರದ ಹಿಂದೆ ಅನ್ನುವ ಜಾಗಕ್ಕೆ ಅವರು ಮರದ ಮುಂದೆ ಅನ್ನುತ್ತಾರೆ. ಅಂದರೆ ಇದರಲ್ಲಿ ಜನ ಮಾಡಿಕೊಂಡ ಒಪ್ಪಂದವೂ ಇದೆ, ಸುಮ್ನೆ ನೋಡಿದರೆ ಹೊಳೆಯುವಂಥದ್ದಲ್ಲ. ಅದಕ್ಕೇ ಮುಖ ಇರುವ ವಸ್ತುಗಳಿಂದ ಕಲಿಸಲು ಶುರುಮಾಡಿ, ಮರ, ಚೆಂಡು ಆಮೇಲೆ ಇರಲಿ. ಎಡ–ಬಲವನ್ನಂತೂ ಈಗ ಮುಟ್ಟಲೇಬೇಡಿ. ತನ್ನದೇ ಎಡಗೈ ಬಲಗೈ ಗುರುತು ಹಿಡಿಯುವುದು ಸುಮಾರು ಐದಾರು ವರ್ಷಕ್ಕೆ, ಎದುರಿಗೆ ನಿಂತವರದನ್ನು ಹೇಳುವುದು ಏಳೆಂಟಕ್ಕೆ ಅಂತ ಮಕ್ಕಳ ಮನೋವಿಜ್ಞಾನಿ ಪಿಯಾಜೆ ಕಾಲದಿಂದಲೂ ಗೊತ್ತಿರುವ ವಿಷಯ.

ಕನ್ನಡ ಮಕ್ಕಳಿಗೆ ಇನ್ನೊಂದು ಪಜೀತಿ ಇದೆ. ನಮ್ಮ ಜಾಗದ ಪದಗಳು ಒಂದೊಂದೂ ಮೂರ್ನಾಲ್ಕು ಕೆಲಸ ಮಾಡುತ್ತವೆ. ‘ಮೇಜಿನ ಮೇಲೆ’ ಇಡುವುದೂ ಮೇಲೆ, ‘ಮೇಲೆ ನೋಡು’ ಅಂದರೂ ಮೇಲೆ, ‘ಸ್ನಾನ ಆದ ಮೇಲೆ’ ಅಂದರೂ ಮೇಲೆ. ‘ಹಿಂದೆ ನಿಂತ್ಕೋ’, ‘ಎರಡು ದಿನದ ಹಿಂದೆ’, ‘ಅಣ್ಣನ ಹಿಂದೆ ಹೋಗು’ ಮೂರೂ ಬೇರೆ ಬೇರೆ. ‘ಮುಂದೆ ಕೂತ್ಕೋ’ ಅನ್ನುವುದು ಜಾಗ, ‘ಮುಂದೆ ನೋಡೋಣ’ ಅನ್ನುವುದು ಕಾಲ. ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸುವುದು ‘ಕೆಳಗೆ’. ‘ಕೆಳಗೆ ಇಡು’ ಅಂದರೆ ನೆಲದ ಮೇಲೆ ಇಡು ಅಂತ. ‘ಮೇಜಿನ ಕೆಳಗೆ ಇಡು’ ಅಂದರೆ ಮೇಜಿನ ಅಡಿಯಲ್ಲಿ. ‘ಮೇಜಿನ’ ಅನ್ನುವುದು ತಪ್ಪಿಹೋದರೆ ಮಗು ಪುಸ್ತಕವನ್ನು ನೆಲದ ಮೇಲೆ ಎಲ್ಲೋ ಇಟ್ಟು ಬರುತ್ತದೆ. ನಮಗೆ ಅದು ತಪ್ಪು, ಅವನ ಪ್ರಕಾರ ಅವನು ಕೆಳಗೇ ಇಟ್ಟಿದ್ದಾನೆ. ದೊಡ್ಡವರಿಗೆ ಈ ಅರ್ಥಗಳು ಎಷ್ಟು ರೂಢಿಯಾಗಿವೆ ಅಂದರೆ ಅವು ಬೇರೆ ಬೇರೆ ಅಂತಲೇ ಕಾಣುವುದಿಲ್ಲ. ಕೆಲವು ವಾರ ಕಲಿಸುವಾಗ ‘ಮಂಚದ ಅಡಿ’ ಅಂತ ಹೇಳಿ ನೋಡಿ. ‘ಅಡಿ’ಗೆ ನೆಲದ ಗೊಂದಲ ಇಲ್ಲ, ‘ಕೆಳಗೆ’ ಆಮೇಲೆ ಸೇರಿಕೊಳ್ಳುತ್ತದೆ.

ಪದ ಗೊತ್ತಿದ್ದರೂ ಸಾಲದು, ವಾಕ್ಯ ಹೊರಲು ಆಗಬೇಕಲ್ಲ. ಸಾಮಾನ್ಯವಾಗಿ ಎರಡೂವರೆ ವರ್ಷದ ಹೊತ್ತಿಗೆ ‘ಗೊಂಬೆ ಇಡು, ಬಾಗಿಲು ಹಾಕು’ ಅಂತ ಎರಡು ಕೆಲಸ ಹೇಳಿದರೆ ಮಕ್ಕಳು ಮಾಡುತ್ತಾರೆ. ನಾಲ್ಕು ದಾಟಿದವರು ಒಂದಕ್ಕೊಂದು ಹೊಂದುವ ಮೂರು ಕೆಲಸದ ತನಕ ಮಾಡಬಹುದು. ಆದರೆ ಎಷ್ಟು ಕೆಲಸ ಹೇಳುತ್ತಿದ್ದೇವೆ ಅಂತ ನಮಗೇ ಲೆಕ್ಕ ಸಿಗುವುದಿಲ್ಲ. ‘ಕೈ ತೊಳ್ಕೊಂಡು, ಒರೆಸ್ಕೊಂಡು, ಪುಸ್ತಕ ತಗೊಂಡು ಬಂದು ನನ್ನ ಪಕ್ಕ ಕೂತ್ಕೋ.’ ನಮ್ಮ ವ್ಯಾಕರಣಕ್ಕೆ ಇದು ಒಂದೇ ವಾಕ್ಯ, ಮಗುವಿಗೆ ಐದು ಕೆಲಸ. ಅದರಲ್ಲೂ ಆಜ್ಞೆಯ ದನಿ ಇರುವುದು ಕೊನೆಯ ‘ಕೂತ್ಕೋ’ಗೆ ಮಾತ್ರ. ಕೈ ತೊಳೆಯದೆ ಬಂದು ಪಕ್ಕದಲ್ಲಿ ಕೂತ ಮಗುವನ್ನು ನಾವು ಬೈಯುತ್ತೇವೆ. ಪಾಪ, ಅವನು ಕೇಳಿದ್ದನ್ನು ಮಾಡಿದ್ದಾನೆ.

‘ಕೊಂಡು’ಗಳನ್ನು ಬಿಚ್ಚಿ. ‘ಕೈ ತೊಳ್ಕೋ.’ ಅದು ಮುಗಿಯಲಿ. ‘ಈಗ ಪುಸ್ತಕ ತಗೊಂಡು ಬಾ.’ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತು ಎಣಿಸಿ. ಇದೇ ಬಹಳ ಕಷ್ಟದ ಭಾಗ, ನನಗೂ ಕಷ್ಟವೇ. ಎರಡು ಸೆಕೆಂಡಿಗೆ ಮಗು ಅಲುಗದಿದ್ದರೆ ನಾವು ಮತ್ತೆ ಹೇಳುತ್ತೇವೆ, ಅದೂ ಬೇರೆ ಪದದಲ್ಲಿ. ಮೊದಲನೆಯದನ್ನು ಅರ್ಧ ಅರೆಯುತ್ತಿದ್ದ ತಲೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ಮತ್ತೆ ಹೇಳಲೇಬೇಕಾದರೆ ಅದೇ ಮಾತನ್ನು ಅದೇ ಪದಗಳಲ್ಲಿ ಹೇಳಿ.

ಇನ್ನೆರಡು ಸಣ್ಣ ವಿಷಯ. ‘ಮಲಗೋಕೆ ಮುಂಚೆ ಹಲ್ಲುಜ್ಜು’ ಅಂದರೆ ಮೊದಲು ಕಿವಿಗೆ ಬೀಳುವುದು ಮಲಗುವುದು. ಚಿಕ್ಕ ಮಕ್ಕಳು ಹೇಳಿದ ಕ್ರಮದಲ್ಲೇ ಕೆಲಸ ಆಗಬೇಕು ಅಂದುಕೊಳ್ಳುತ್ತಾರೆ. ‘ಮೊದಲು ಹಲ್ಲುಜ್ಜು, ಆಮೇಲೆ ಮಲ್ಕೋ’ ಅನ್ನಿ. ಹಾಗೆಯೇ ‘ಸೋಫಾ ಮೇಲೆ ಹತ್ತಬೇಡ’ ಅನ್ನುವುದರಲ್ಲಿ ‘ಬೇಡ’ ಬರುವುದು ಎಲ್ಲ ಮುಗಿದ ಮೇಲೆ, ಅಷ್ಟರಲ್ಲಿ ಹತ್ತಿ ಆಗಿರುತ್ತದೆ. ‘ನೆಲದ ಮೇಲೆ ನಿಂತ್ಕೋ’ ಅಂದರೆ ಮಾಡಬೇಕಾದ್ದು ಏನು ಅಂತ ನೇರವಾಗಿ ಗೊತ್ತಾಗುತ್ತದೆ.

ಕಲಿಸುವುದು ಹೇಗೆ? ವರ್ಕ್‌ಶೀಟು, ಫ್ಲ್ಯಾಶ್‌ಕಾರ್ಡು ಸದ್ಯಕ್ಕೆ ಒಳಗಿಡಿ. ಚಪ್ಪಟೆ ಚಿತ್ರದಲ್ಲಿ ‘ಹಿಂದೆ’ ಅನ್ನುವುದು ಇರುವುದೇ ಇಲ್ಲ, ಬೆಕ್ಕಿನ ಅರ್ಧ ಮೈ ಕಾಣುವುದಿಲ್ಲ ಅಷ್ಟೇ. ಮೊದಲು ಅವನ ಮೈಯೇ ಪಾಠ ಕಲಿಯಲಿ. ಅವನು ನುಸುಳುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ ಒಂದಿದ್ದರೆ ಒಂದು ವಾರದ ಆಟಕ್ಕೆ ಸಾಕು. ಅವನು ಒಳಗೆ ಹೋದ ಕ್ಷಣದಲ್ಲೇ ‘ಒಳಗೆ! ಪೆಟ್ಟಿಗೆ ಒಳಗೆ ಇದ್ದೀಯ’ ಅನ್ನಿ. ಹಿಂದೆ ಅಡಗಿದರೆ ‘ಹಿಂದೆ! ಪೆಟ್ಟಿಗೆ ಹಿಂದೆ ಅಡಗಿದ್ದೀಯ’. ಕೇಳುವುದು ಬೇಡ, ಪರೀಕ್ಷೆ ಬೇಡ. ಅವನು ಮಾಡುತ್ತಿರುವುದಕ್ಕೆ ನೀವು ಪದ ಕೊಡುತ್ತಿದ್ದೀರಿ, ಅಷ್ಟೇ. ಮೈಗೆ ಹತ್ತಿದ ಮೇಲೆ ಗೊಂಬೆಗಳಲ್ಲಿ ಅದೇ ಆಟ. ಪುಸ್ತಕದ ಚಿತ್ರ ಎಲ್ಲಕ್ಕಿಂತ ಕೊನೆಗೆ.

ಒಂದು ಸಲಕ್ಕೆ ಒಂದೇ ಪದ. ಎದುರುಬದುರು ಪದಗಳನ್ನು ಜೋಡಿ ಕಟ್ಟಿ ಕಲಿಸುವ ಆಸೆ ಎಲ್ಲರಿಗೂ ಬರುತ್ತದೆ. ನನ್ನ ಅನುಭವದಲ್ಲಿ ಹಿಂದೆ–ಮುಂದೆ ಒಟ್ಟಿಗೆ ಕಲಿಸಿದರೆ ಕೆಲವು ಮಕ್ಕಳು ಅದನ್ನು ತಿಂಗಳುಗಟ್ಟಲೆ ಅದಲುಬದಲು ಮಾಡುತ್ತಾರೆ. ಮೊದಲು ‘ಕೆಳಗೆ’ ಗಟ್ಟಿಯಾಗಲಿ. ಅದಕ್ಕೆ ಹೋಲಿಸಲು ಅವನಿಗೆ ಗೊತ್ತಿರುವ ‘ಒಳಗೆ’ ಸಾಕು.

ನಿಮ್ಮ ಮಾತಿನಿಂದ ‘ಅಲ್ಲಿ’, ‘ಇಲ್ಲಿ’ಗಳನ್ನು ಕಮ್ಮಿ ಮಾಡಿ. ‘ಅದನ್ನ ಅಲ್ಲಿಡು’ ಅಂತ ಗಲ್ಲ ಎತ್ತಿ ತೋರಿಸುವುದು ನಮಗೆಲ್ಲ ಅಭ್ಯಾಸ. ಕೆಲಸ ಆಗುತ್ತದೆ, ಪದ ಮಾತ್ರ ಮಗುವಿಗೆ ಸಿಗುವುದಿಲ್ಲ. ಸಂಶೋಧಕರಾದ ಲೋವೆನ್‌ಸ್ಟೈನ್ ಮತ್ತು ಗೆಂಟ್ನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಥರದ ಎರಡು ಪೆಟ್ಟಿಗೆ, ಪ್ರತಿಯೊಂದರಲ್ಲೂ ಮೂರು ಜಾಗ. ಒಂದರಲ್ಲಿ ಕಾರ್ಡ್ ಇಡುವುದನ್ನು ಮಗುವಿಗೆ ತೋರಿಸಿ, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಹುಡುಕಲು ಹೇಳುತ್ತಾರೆ. ಇಡುವಾಗ ‘ಇಲ್ಲಿ ಇಡುತ್ತೇನೆ’ ಅಂದದ್ದಕ್ಕಿಂತ, ಜಾಗದ ಪದ ಹೇಳಿ ಇಟ್ಟಾಗ ಮಕ್ಕಳು ಚೆನ್ನಾಗಿ ಹುಡುಕಿದರು. ಪದ ಅನ್ನುವುದು ಜಾಗವನ್ನು ಮನಸ್ಸಿನಲ್ಲಿ ಹಿಡಿದಿಡುವ ಒಂದು ಹಿಡಿಕೆಯಂತೆ ಕೆಲಸ ಮಾಡುತ್ತದೆ. ಕೈಸನ್ನೆ ಪೂರ್ತಿ ಬಿಡಬೇಕು ಅಂತಲ್ಲ. ಪರೀಕ್ಷೆ ಮಾಡುವಾಗ ಸನ್ನೆ ಬೇಡ, ಕಲಿಸುವಾಗ ಧಾರಾಳವಾಗಿ ಇರಲಿ. ‘ಕೆಳಗೆ’ ಅನ್ನುವಾಗ ಒಂದು ಕೈಯ ಅಡಿಗೆ ಇನ್ನೊಂದು ಕೈ ತನ್ನಿ.

ಇನ್ನು ನನಗೆ ತುಂಬಾ ಇಷ್ಟವಾದ ಆಟ. ಅವನು ಹೇಳಬೇಕು, ನೀವು ಮಾಡಬೇಕು. ಗೊಂಬೆ ಕೈಯಲ್ಲಿ ಹಿಡಿದು ‘ಎಲ್ಲಿಡಲಿ ಸರ್?’ ಅಂತ ಕೇಳಿ. ‘ಅಲ್ಲಿ’ ಅಂದರೆ ಅರ್ಥವಾಗದವರಂತೆ ನಾಟಕ ಮಾಡಿ, ತಲೆ ಮೇಲೆ ಇಟ್ಟುಕೊಳ್ಳಿ, ಅಂಗಿ ಒಳಗೆ ಹಾಕಿಕೊಳ್ಳಿ. ‘ಅಲ್ಲಲ್ಲ, ಕುರ್ಚಿ ಕೆಳಗೆ!’ ಅಂತ ಅವನು ಕಿರುಚುವ ದಿನ ಬರುತ್ತದೆ. ಇಷ್ಟು ದಿನ ಹೇಳಿಸಿಕೊಂಡೇ ಸಾಕಾಗಿರುವ ಮಗುವಿಗೆ ಹೇಳುವ ಖುಷಿಯೂ ಸಿಗಲಿ. ಅಪ್ಪ ಈ ಆಟಕ್ಕೆ ಕೂತರೆ ಇನ್ನೂ ಒಳ್ಳೆಯದು, ಹಠದ ಮಾತು ಮನೆಯಲ್ಲಿ ತಾನಾಗೇ ಕಮ್ಮಿಯಾಗುತ್ತದೆ.

ಶಾಲೆಯಲ್ಲಿ ಅವನು ಪಕ್ಕದವರನ್ನು ನೋಡಿ ಮಾಡುವುದನ್ನು ದಯವಿಟ್ಟು ತಪ್ಪು ಅನ್ನಬೇಡಿ. ಅದು ಜಾಣತನ. ಅರ್ಥವಾಗದ ಜಾಗದಲ್ಲಿ ನಾವೂ ಅದನ್ನೇ ಮಾಡುತ್ತೇವೆ, ಅಲ್ವಾ? ಟೀಚರ್ ಹತ್ತಿರ ಎರಡೇ ಕೋರಿಕೆ ಇಡಿ: ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ, ತರಗತಿಗೆಲ್ಲ ಹೇಳಿದ ಮೇಲೆ ಅವನಿಗೆ ಹತ್ತಿರ ಬಂದು ಒಂದೊಂದಾಗಿ ಹೇಳಲಿ. ಜೊತೆಗೆ ಶಾಲೆಯಲ್ಲಿ ಯಾವ ಮಾತು ದಿನಾ ಬರುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ‘ಲೈನಲ್ಲಿ ನಿಂತ್ಕೋ’, ‘ಬ್ಯಾಗ್ ಕುರ್ಚಿ ಹಿಂದೆ ಹಾಕು’ ಇಂಥವು ಹತ್ತು ಹದಿನೈದಕ್ಕಿಂತ ಜಾಸ್ತಿ ಇರುವುದಿಲ್ಲ.

ಎರಡು ಭಾಷೆಯ ಪ್ರಶ್ನೆಗೆ ಉತ್ತರ ಸುಲಭ: ಅದು ಕಾರಣ ಅಲ್ಲ. ಎರಡು ಭಾಷೆ ಕಲಿಯುವ ಮಗುವಿಗೆ ‘ಅಂಡರ್’ ಗೊತ್ತಿಲ್ಲದೆ ‘ಕೆಳಗೆ’ ಗೊತ್ತಿರಬಹುದು, ಅದು ಸಹಜ. ನಿಮ್ಮ ಮಗನಿಗೆ ಹುಟ್ಟಿನಿಂದ ಕೇಳಿದ ಕನ್ನಡದಲ್ಲೇ ತೊಡಕು ಕಾಣುತ್ತಿದೆ. ಹಾಗಾಗಿ ಭಾಷೆ ಬದಲಾಯಿಸಿದರೆ ಏನೂ ಸಿಗುವುದಿಲ್ಲ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಆಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅತ್ತೆಯವರು ಹೇಳಿದ ಹಾಗೆ ಗಂಡುಮಕ್ಕಳು ಸರಾಸರಿಯಲ್ಲಿ ಸ್ವಲ್ಪ ನಿಧಾನ ಇರುವುದು ನಿಜ. ಆದರೆ ಆ ವ್ಯತ್ಯಾಸ ತೀರಾ ಚಿಕ್ಕದು. ನಾಲ್ಕು ವರ್ಷಕ್ಕೆ ಮಾತು ಅರ್ಥವಾಗದಿರುವುದನ್ನು ಅದರ ಲೆಕ್ಕಕ್ಕೆ ಹಾಕಲು ಆಗುವುದಿಲ್ಲ.

ಯಾರಿಗೆ ತೋರಿಸುವುದು? ಕಿವಿ ಪರೀಕ್ಷೆ ಆದ ಮೇಲೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ‘ಇವನಿಗೆ ಮಾತು ಚೆನ್ನಾಗಿ ಬರುತ್ತಲ್ಲ, ಸ್ಪೀಚ್ ಥೆರಪಿಸ್ಟ್ ಯಾಕೆ?’ ಅನ್ನಿಸಬಹುದು. ಮಾತು ಆಡುವುದು ಬೇರೆ, ಮಾತು ಅರ್ಥಮಾಡಿಕೊಳ್ಳುವುದು ಬೇರೆ. ಎರಡನ್ನೂ ಅವರೇ ನೋಡುತ್ತಾರೆ. ಹಾಡು, ಬಣ್ಣದ ಹೆಸರು ಬಾಯಿಪಾಠದಿಂದಲೂ ಬರುತ್ತವೆ, ಹಾಗಾಗಿ ಚೆನ್ನಾಗಿ ಮಾತಾಡುವ ಮಕ್ಕಳ ಅರ್ಥದ ತೊಡಕು ತಡವಾಗಿ ಗಮನಕ್ಕೆ ಬರುತ್ತದೆ. ಕಿವಿ, ಬುದ್ಧಿ ಎಲ್ಲ ಸರಿ ಇದ್ದೂ ಭಾಷೆ ಮಾತ್ರ ಕಷ್ಟವಾಗುವ ಮಕ್ಕಳು ನೂರಕ್ಕೆ ಸುಮಾರು ಏಳು ಮಂದಿ ಇರುತ್ತಾರೆ. ಇದಕ್ಕೆ ಬೆಳವಣಿಗೆಯ ಭಾಷಾ ತೊಂದರೆ ಅಂತ ಹೆಸರು. ನಿಮ್ಮ ಮಗನಿಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ, ಪತ್ರ ಓದಿ ಯಾರೂ ಹಾಗೆ ಹೇಳಬಾರದು. ಆಡಿದ ಮಾತನ್ನೇ ತಿರುಗಿ ಹೇಳುವುದು, ಕಣ್ಣು ಸೇರಿಸದಿರುವುದು, ಬೇರೆ ಮಕ್ಕಳ ಜೊತೆ ಬೆರೆಯದಿರುವುದು ಇದ್ದರೆ ಮಕ್ಕಳ ವೈದ್ಯರಿಗೂ ತಿಳಿಸಿ. ಮೊದಲು ಬರುತ್ತಿದ್ದ ಮಾತು ಈಗ ಮಾಯವಾಗಿದ್ದರೆ ತಡಮಾಡದೆ, ಈ ವಾರವೇ ತೋರಿಸಿ.

ಹೋಗುವಾಗ ಒಂದು ಚೀಟಿಯಲ್ಲಿ ಎರಡು ವಾರದ ಹತ್ತು ಹನ್ನೆರಡು ಘಟನೆ ಬರೆದುಕೊಂಡು ಹೋಗಿ. ನೀವು ಹೇಳಿದ್ದು ಪದಪದವಾಗಿ, ಅವನು ಮಾಡಿದ್ದು ಕಂಡಂತೆ. ‘ಮಾತು ಕೇಳಲಿಲ್ಲ’ ಅಂತ ಬರೆದರೆ ನಮಗೇನೂ ತಿಳಿಯುವುದಿಲ್ಲ. ‘ಬ್ಯಾಗು ಬಾಗಿಲ ಹಿಂದೆ ಇಡು ಅಂದೆ, ಬಾಗಿಲ ತನಕ ಹೋಗಿ, ಅದರ ಮುಂದೆ ಇಟ್ಟು, ತಿರುಗಿ ನನ್ನ ಮುಖ ನೋಡಿದ’ ಅಂತ ಬರೆಯಿರಿ.